ಲೆಕ್ಕಕ್ಕೆ ಸಿಕ್ಕವರು, ಲೆಕ್ಕಕ್ಕೆ ಬಾರದವರು

2020ರ ಏಪ್ರಿಲ್ ತಿಂಗಳ ಸಂಜೆಗಳನ್ನು ನಾವಾರೂ ಮರೆತಿರಲಾರೆವು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ದಿನಗಳವು. ಸಂಜೆಯಾಯಿತೆಂದರೆ ದಿಲ್ಲಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಜಂಟಿ ಕಾರ್ಯದರ್ಶಿಗಳು ಪತ್ರಿಕಾಗೋಷ್ಠಿಗೆ ಬಂದು ಅಂದಿನ ಅಂಕಿಗಳನ್ನು ಓದುತ್ತಿದ್ದರು. ಇಂದು ಇಷ್ಟು ಸೋಂಕು, ಇಷ್ಟು ಸಾವು, ಇಷ್ಟು ಮಂದಿ ಗುಣಮುಖ. ಆ ತಿಂಗಳ ಮೊದಲ ವಾರದಲ್ಲಿ ಈ ಪಟ್ಟಿಗೆ ಬೇರೆಯದೇ ಒಂದು ಅಂಕಿ ಸೇರಿಕೊಂಡಿತು. 17 ರಾಜ್ಯಗಳ 1,023 ಸೋಂಕುಗಳಿಗೆ ತಬ್ಲೀಗ್ ಜಮಾಅತ್‌ನ ನಂಟಿದೆ, ಅಂದರೆ ಒಟ್ಟು ಸೋಂಕಿನ ಸುಮಾರು ಶೇ. 30 ಎಂದು ಏಪ್ರಿಲ್ 4ರಂದು ಹೇಳಲಾಯಿತು. ಮರುದಿನ ಇನ್ನೊಂದು ಲೆಕ್ಕ ಬಂತು. ದೇಶದಲ್ಲಿ ಸೋಂಕು 4.1 ದಿನಗಳಿಗೊಮ್ಮೆ ದ್ವಿಗುಣವಾಗುತ್ತಿದೆ, ಜಮಾಅತ್‌ನ ಪ್ರಕರಣ ಇಲ್ಲದಿದ್ದರೆ ಅದಕ್ಕೆ 7.4 ದಿನ ಹಿಡಿಯುತ್ತಿತ್ತು!

ಟಿ.ವಿ. ನಿರೂಪಕರ ಕಿರುಚಾಟದ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿದೆ. ಅವರ ಕೈಗೆ ಕಲ್ಲು ಎತ್ತಿಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಲ್ಲ. ಅಂಕಿ ಬಂದದ್ದು ಸ್ಟುಡಿಯೋದಿಂದಲ್ಲ, ದೇಶದ ಆರೋಗ್ಯದ ಹೊಣೆ ಹೊತ್ತ ಇಲಾಖೆಯ ಮೇಜಿನಿಂದ. ಆದ್ದರಿಂದ ಈ ಇಲಾಖೆಯ ಕೆಲಸವಾದರೂ ಏನು, ಅದನ್ನು ಅದು ಹೇಗೆ ಮಾಡುತ್ತಾ ಬಂದಿದೆ ಎಂಬುದನ್ನು ಆ ಬಿಸಿಯೆಲ್ಲ ಆರಿದ ಮೇಲೆ ಈಗಲಾದರೂ ನೋಡಬೇಕಾಗಿದೆ.

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಇಲ್ಲದಿದ್ದರೆ ನಾವು ಬೈಯುವುದು ರಾಜ್ಯ ಸರಕಾರವನ್ನು. ಅದು ಸರಿಯೇ. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ದವಾಖಾನೆ ಎಲ್ಲವೂ ರಾಜ್ಯ ಪಟ್ಟಿಯ 6ನೇ ವಿಷಯ. ಸಾಂಕ್ರಾಮಿಕ ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯಲ್ಲಿದೆ. ಜನಸಂಖ್ಯಾ ನಿಯಂತ್ರಣವನ್ನು ಆ ಪಟ್ಟಿಗೆ ಸೇರಿಸಿದ್ದು ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ. ಏಮ್ಸ್, ನಿಮ್ಹಾನ್ಸ್‌ನಂತಹ ಕೆಲವು ಸಂಸ್ಥೆಗಳನ್ನು ಬಿಟ್ಟರೆ ಕೇಂದ್ರದ ಇಲಾಖೆ ನೇರವಾಗಿ ರೋಗಿಯ ನಾಡಿ ಹಿಡಿಯುವುದು ಕಡಿಮೆ. ಅದು ಹಣ ಕೊಡುತ್ತದೆ, ಲಸಿಕೆ ಕೊಡುತ್ತದೆ, ಮಾರ್ಗಸೂಚಿ ಕಳಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಲೆಕ್ಕ ಇಡುತ್ತದೆ. ಯಾವ ರೋಗವನ್ನು ಎಣಿಸಬೇಕು, ಯಾರಲ್ಲಿ ಎಣಿಸಬೇಕು, ನಮೂನೆಯಲ್ಲಿ ಯಾವ ಕಾಲಂ ಇರಬೇಕು ಎಂಬುದು ದಿಲ್ಲಿಯಲ್ಲಿ ನಿರ್ಧಾರವಾಗುತ್ತದೆ. ಹಣ ಆ ಲೆಕ್ಕದ ಹಿಂದೆ ಹೋಗುತ್ತದೆ, ಪೊಲೀಸರೂ ಕೆಲವೊಮ್ಮೆ ಅದರ ಹಿಂದೆಯೇ ಹೋಗುತ್ತಾರೆ. ಹಾಗಾಗಿ ಈ ಇಲಾಖೆಯನ್ನು ಅಳೆಯಬೇಕಾದದ್ದು ಅದು ಕಟ್ಟಿದ ಕಟ್ಟಡಗಳಿಂದಲ್ಲ, ಅದು ಇಟ್ಟ ಲೆಕ್ಕದಿಂದ ಎಂದು ನಮಗೆ ಅನಿಸುತ್ತದೆ.

ಈ ಇಲಾಖೆಗೆ ಒಳ್ಳೆಯ ಲೆಕ್ಕ ಗೊತ್ತೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಅದರ ಅತ್ಯುತ್ತಮ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕೇಂದ್ರ ಆರೋಗ್ಯ ಇಲಾಖೆಯದ್ದು, ಸ್ಥಾಪನೆಯಾದದ್ದು 1959ರಲ್ಲಿ. ಹಳ್ಳಿಗರು ಅಜ್ಞಾನಿಗಳು, ಕೆಮ್ಮಿ ಕೆಮ್ಮಿ ರಕ್ತ ಕಾರಿದರೂ ಆಸ್ಪತ್ರೆಗೆ ಬರುವವರಲ್ಲ, ಅವರನ್ನು ಎಕ್ಸ್‌ರೇ ವ್ಯಾನಿನಲ್ಲಿ ಹುಡುಕಿಕೊಂಡು ಹೋಗಬೇಕು ಎಂಬುದು ಆಗಿನ ತಜ್ಞರ ಸಾಮಾನ್ಯ ನಂಬಿಕೆಯಾಗಿತ್ತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳ ರೋಗಿಗಳ ಬಳಿ ಕುಳಿತು ಒಂದು ಸರಳ ಪ್ರಶ್ನೆ ಕೇಳಿದರು. ನಿಮಗೆ ಕಾಯಿಲೆ ಇರುವುದು ಗೊತ್ತಿತ್ತೇ, ಗೊತ್ತಿದ್ದರೆ ಏನು ಮಾಡಿದಿರಿ? 1963ರಲ್ಲಿ ಪ್ರಕಟವಾದ ಆ ಅಧ್ಯಯನ ತಜ್ಞರ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅವರಲ್ಲಿ ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಬಂದಿದ್ದರು. ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

ಅಂದರೆ ತಪ್ಪು ರೋಗಿಯದ್ದಲ್ಲ, ಬಾಗಿಲಿಗೆ ಬಂದವನ ಕಫ ಪರೀಕ್ಷಿಸದೆ ವಾಪಸು ಕಳಿಸಿದ ವ್ಯವಸ್ಥೆಯದ್ದು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡದ್ದು ಇಂಥ ತಿಳಿವಳಿಕೆಯ ಮೇಲೆ. ದೊಡ್ಡ ಯಂತ್ರ ಬೇಡ, ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಒಂದು ಸೂಕ್ಷ್ಮದರ್ಶಕ ಇರಲಿ, ಕೆಮ್ಮುತ್ತಾ ಬಂದವನನ್ನು ಅಲ್ಲಿಯೇ ಪರೀಕ್ಷಿಸಲಿ. ತುಮಕೂರಿನ ಆ ಲೆಕ್ಕ ಬಡವನ ಮೇಲೆ ದೋಷ ಹೊರಿಸಲಿಲ್ಲ, ಇಲಾಖೆಯ ಕಡೆಗೆ ಬೆರಳು ತೋರಿಸಿತು. ಸರಕಾರಿ ಸಂಸ್ಥೆಯೊಂದು ತನ್ನ ವಿರುದ್ಧವೇ ಸಾಕ್ಷಿ ನುಡಿದ ಇಂಥ ಪ್ರಸಂಗಗಳು ನಮ್ಮ ದೇಶದಲ್ಲಿ ಎಷ್ಟಿವೆ?

ಅದೇ ಇಲಾಖೆ ಮುಂದಿನ ದಶಕದಲ್ಲಿ ಇಟ್ಟ ಇನ್ನೊಂದು ಲೆಕ್ಕ ಹೀಗಿರಲಿಲ್ಲ. 1966ರಲ್ಲಿ ಕುಟುಂಬ ಯೋಜನೆಗೆಂದೇ ಪ್ರತ್ಯೇಕ ವಿಭಾಗ ಹುಟ್ಟಿತು, ಜೊತೆಗೆ ಗುರಿ ಎಂಬ ಪದವೂ ಬಂತು. ಇಷ್ಟು ಜನರಿಗೆ ಇಷ್ಟು ಶಸ್ತ್ರಚಿಕಿತ್ಸೆ ಆಗಲೇಬೇಕು. ತುರ್ತು ಪರಿಸ್ಥಿತಿಯಲ್ಲಿ ಈ ಗುರಿ ಚಾಟಿಯಾಯಿತು. 1976-77ರ ಒಂದೇ ವರ್ಷದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ ಹೆಚ್ಚಿನವು ಪುರುಷರಿಗೆ. ಗುರಿ ಮುಟ್ಟದ ಶಾಲಾ ಮಾಸ್ತರರ ಸಂಬಳ ತಡೆಹಿಡಿಯಲಾಯಿತು. ಹರ್ಯಾಣದ ಮೇವಾತ್ ಸೀಮೆಯ ಉತ್ತಾವರ್ ಎಂಬ ಮುಸ್ಲಿಮ್ ಬಾಹುಳ್ಯದ ಹಳ್ಳಿಯನ್ನು 1976ರ ನವೆಂಬರ್‌ನಲ್ಲಿ ಪೊಲೀಸರು ರಾತ್ರೋರಾತ್ರಿ ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಹಳ್ಳಿಯ ಪಾಲಿಗೆ ಆರೋಗ್ಯ ಇಲಾಖೆ ಎಂದರೆ ಪೊಲೀಸ್ ವ್ಯಾನು ಎಂದಾಯಿತು. ಇದು ಮುಸ್ಲಿಮರ ಮೇಲೆ ಮಾತ್ರ ನಡೆದ ದೌರ್ಜನ್ಯವಲ್ಲ. ದಲಿತರು, ಕೂಲಿಗಳು, ಕೊಳೆಗೇರಿಯವರು, ಒಟ್ಟಿನಲ್ಲಿ ಮೇಲೆ ಹೇಳಿಕೊಳ್ಳಲು ಯಾರೂ ಇಲ್ಲದವರೆಲ್ಲ ಆ ಲೆಕ್ಕಕ್ಕೆ ಸಿಕ್ಕರು.

1977ರಲ್ಲಿ ಸರಕಾರ ಬದಲಾಯಿತು. ಕುಟುಂಬ ಯೋಜನೆ ಎಂಬ ಹೆಸರು ಕುಟುಂಬ ಕಲ್ಯಾಣ ಎಂದಾಯಿತು. ಚಾಕು ಮಾತ್ರ ಗಂಡಸರಿಂದ ಹೆಂಗಸರ ಕಡೆಗೆ ತಿರುಗಿತು. ಗುರಿ ನಿಗದಿಯನ್ನು ಕೈಬಿಟ್ಟೆವೆಂದು ಇಲಾಖೆ 1996ರಲ್ಲಿ ಹೇಳಿದರೂ ಶಿಬಿರಗಳು ನಿಲ್ಲಲಿಲ್ಲ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಬ್ಬ ವೈದ್ಯ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಿದ. ಆ ಶಿಬಿರಗಳ ಬೆನ್ನಿಗೇ 13 ಬಡ ಹೆಂಗಸರು ತೀರಿಕೊಂಡರು. ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸುಪ್ರೀಮ್ ಕೋರ್ಟ್ 2016ರಲ್ಲಿ ಆದೇಶಿಸಬೇಕಾಯಿತು.

ಮೇವಾತ್‌ನ ರಾತ್ರಿಯ ನೆನಪು ಎಷ್ಟು ಆಳಕ್ಕೆ ಇಳಿದಿತ್ತೆಂಬುದು ಇಲಾಖೆಗೆ ಅರ್ಥವಾದದ್ದು ಪೋಲಿಯೋ ಕಾಲದಲ್ಲಿ. ಪಲ್ಸ್ ಪೋಲಿಯೋ 1995ರಲ್ಲಿ ಶುರುವಾಯಿತು. 2002ರಲ್ಲಿ ದೇಶದಲ್ಲಿ 1,600 ಮಕ್ಕಳು ಪೋಲಿಯೋಗೆ ತುತ್ತಾದರು. ಆ ವರ್ಷ ಇಡೀ ಜಗತ್ತಿನ ಪ್ರಕರಣಗಳಲ್ಲಿ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ನಮ್ಮವೇ. ಹೆಚ್ಚಿನವು ಉತ್ತರ ಪ್ರದೇಶದಲ್ಲಿ, ಅಲ್ಲಿಯೂ ಮುರಾದಾಬಾದ್ ಕಡೆಯ ಪಶ್ಚಿಮ ಜಿಲ್ಲೆಗಳಲ್ಲಿ, ತುತ್ತಾದವರಲ್ಲಿ ಮುಸ್ಲಿಮ್ ಮಕ್ಕಳ ಪಾಲು ದೊಡ್ಡದು. ಈ ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ ಎಂಬ ಗಾಳಿಮಾತು ಅಲ್ಲಿ ಹಬ್ಬಿತ್ತು. ಶುದ್ಧ ಸುಳ್ಳು. ಆದರೆ ಸುಳ್ಳು ಬೇರೂರಬೇಕಾದರೆ ನೆಲ ಹದವಾಗಿರಬೇಕು, ಆ ನೆಲವನ್ನು 1976ರಲ್ಲಿಯೇ ಉತ್ತು ಇಡಲಾಗಿತ್ತು.

ಇಲಾಖೆ ಆಗ ಮಾಡಿದ ಕೆಲಸವನ್ನು ನಾವು ಮನಬಿಚ್ಚಿ ಮೆಚ್ಚಬೇಕು. ಮುಸ್ಲಿಮರು ವಿರೋಧಿಗಳು ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭವಿತ್ತು, ಕೆಲವು ಅಧಿಕಾರಿಗಳು ಹಾಗೆ ಹೇಳಿಯೂ ಇದ್ದರು. ಅದರ ಬದಲು ಇಲಾಖೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಮನೆ ಮನೆಯ ಲೆಕ್ಕ ಇಟ್ಟವು. ಹನಿ ಬಿದ್ದ ಮನೆಯ ಬಾಗಿಲ ಮೇಲೆ ಒಂದು ಗುರುತು, ಬೀಳದ ಮನೆಗೆ ಇನ್ನೊಂದು ಗುರುತು, ಬೀಳದ ಮನೆಗೆ ಮತ್ತೆ ಭೇಟಿ. ಏಕೆ ಬಿಟ್ಟುಹೋಯಿತು ಎಂದು ವಿಚಾರಿಸಿದರೆ ಹನಿ ನಿರಾಕರಿಸಿದವರಿಗಿಂತ ಹೆಚ್ಚಾಗಿ ಮಗು ಊರಲ್ಲಿಲ್ಲದ ಮನೆಗಳು, ತಂಡವೇ ಹೋಗದ ಮನೆಗಳು ಸಿಕ್ಕವು. ನಿರಾಕರಿಸಿದವರೂ ಒಂದು ಮಾತು ಹೇಳುತ್ತಿದ್ದರು. ನಮ್ಮ ಮಗುವಿಗೆ ಭೇದಿಯಾದಾಗ ಬರದವರು, ಚರಂಡಿ ಕಟ್ಟಿಕೊಡದವರು, ಈ ಎರಡು ಹನಿಗೆ ಮಾತ್ರ ತಿಂಗಳು ತಿಂಗಳು ಯಾಕೆ ಬರುತ್ತೀರಿ? ಅದು ಬರೀ ಅಡ್ಡಮಾತಾಗಿರಲಿಲ್ಲ, ಅದರಲ್ಲಿ ವಿಜ್ಞಾನವೂ ಇತ್ತು. ಸದಾ ಭೇದಿಯಿಂದ ಬಳಲುವ ಮಗುವಿನ ಕರುಳಿನಲ್ಲಿ ಈ ಲಸಿಕೆ ಸರಿಯಾಗಿ ನಾಟುವುದಿಲ್ಲ. 2009ರಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರದ 107 ಬ್ಲಾಕ್‌ಗಳನ್ನು ಆರಿಸಿ ಹನಿಯ ಜೊತೆಗೆ ನೈರ್ಮಲ್ಯ, ಭೇದಿ ನಿಯಂತ್ರಣ, ಎದೆಹಾಲಿನ ಬಗ್ಗೆಯೂ ಕೆಲಸ ಮಾಡುವ ಯೋಜನೆ ಬಂತು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾದವರು ಜೊತೆಗೂಡಿದರು. ಉಲಮಾಗಳು ಮನವಿಪತ್ರಗಳಿಗೆ ಸಹಿ ಹಾಕಿದರು, ಮಸೀದಿಗಳ ಮೈಕಿನಿಂದ ಹನಿ ಹಾಕಿಸುವ ದಿನದ ಘೋಷಣೆಯಾಯಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಒಂದು ಹೆಣ್ಣು ಮಗುವಿಗೆ ಕಾಣಿಸಿಕೊಂಡದ್ದೇ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂತು.

ಪೋಲಿಯೋ ಕಾಲದಲ್ಲಿಯೂ ಇಲಾಖೆ ಧರ್ಮವಾರು ಲೆಕ್ಕ ಇಟ್ಟಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಆರೋಗ್ಯಕ್ಕೂ ಧರ್ಮಕ್ಕೂ ಏನು ಸಂಬಂಧ, ಅದನ್ನು ಕೇಳಲೇಬಾರದು ಎಂದು ನಮ್ಮಲ್ಲಿ ಕೆಲವರು ವಾದಿಸುತ್ತಾರೆ. ನಾವು ಒಪ್ಪುವುದಿಲ್ಲ. ಮುಸ್ಲಿಮರು ಹೆಚ್ಚಿರುವ ಹಳ್ಳಿಗಳಲ್ಲಿ ಆಸ್ಪತ್ರೆ ಸೌಲಭ್ಯದ ಕೊರತೆ ಇದೆಯೆಂದು 2006ರ ಸಾಚಾರ್ ವರದಿ ತೋರಿಸಿಕೊಟ್ಟದ್ದು ಅಂಥ ಲೆಕ್ಕದಿಂದಲೇ. ನಮ್ಮನ್ನು ಎಣಿಸದಿದ್ದರೆ ನಮ್ಮ ಕೊರತೆಯೂ ಕಾಣುವುದಿಲ್ಲ. ಪ್ರಶ್ನೆ ಇರುವುದು ಎಣಿಸಿದ ಮೇಲೆ ಆ ಅಂಕಿಯನ್ನು ಹಿಡಿದು ಇಲಾಖೆ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ಮುರಾದಾಬಾದ್‌ನ ಅಂಕಿ ಹಿಡಿದು ಅದು ಮಗುವಿನ ಮನೆಗೆ ಹೋಯಿತು. 2020ರ ಅಂಕಿ ಹಿಡಿದು ಪತ್ರಿಕಾಗೋಷ್ಠಿಗೆ ಹೋಯಿತು.

ಮರ್ಕಝ್‌ನ ಹೊಣೆಗಾರರನ್ನು ಸಮರ್ಥಿಸುವ ಅಗತ್ಯ ನಮಗಿಲ್ಲ. ವಿದೇಶಗಳಲ್ಲಿ ರೋಗ ಹಬ್ಬಿದ್ದು ಗೊತ್ತಿದ್ದೂ ಸಾವಿರಾರು ಜನರನ್ನು ಒಂದೇ ಕಟ್ಟಡದಲ್ಲಿ ಇರಿಸಿಕೊಂಡದ್ದು ಬೇಜವಾಬ್ದಾರಿ. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ಅಲ್ಲಿದ್ದವರು ಹೊರಬರಬೇಡಿ ಎಂದು ಪ್ರವಾದಿಯವರು ಕಲಿಸಿದ ಸಮುದಾಯದ ಮುಖಂಡರಿಗೆ ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಆದರೆ ಕೊರೋನಾ ಆರೋಗ್ಯ ತುರ್ತುಸ್ಥಿತಿಯಲ್ಲ, ಜನ ಗಾಬರಿಯಾಗಬೇಕಿಲ್ಲ ಎಂದು ಇದೇ ಸಚಿವಾಲಯ ಮಾರ್ಚ್ 13ರಂದು ಹೇಳಿತ್ತು ಎಂಬುದನ್ನೂ ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಸಾಂಕ್ರಾಮಿಕವೆಂದು ಸಾರಿ ಆಗಲೇ ಎರಡು ದಿನ ಕಳೆದಿತ್ತು.

ಇನ್ನು ಆ ಶೇ. 30ರ ವಿಷಯ. ಪರೀಕ್ಷೆಯ ಕಿಟ್‌ಗಳು ವಿರಳವಾಗಿದ್ದ ದಿನಗಳವು. ಜ್ವರ ಬಂದವರೆಲ್ಲರಿಗೂ ಪರೀಕ್ಷೆ ಇರಲಿಲ್ಲ. ಒಂದು ಗುಂಪಿನವರನ್ನು ಮಾತ್ರ ಪಟ್ಟಿ ಮಾಡಿ, ಹುಡುಕಿ, ಅವರ ಸಂಪರ್ಕಕ್ಕೆ ಬಂದವರನ್ನೂ ಹುಡುಕಿ ಪರೀಕ್ಷಿಸಿದರೆ ಒಟ್ಟು ಸೋಂಕಿನಲ್ಲಿ ಆ ಗುಂಪಿನ ಪಾಲು ದೊಡ್ಡದಾಗಿ ಕಾಣುತ್ತದೆ. ಹುಡುಕಿದ್ದು ಸರಿ, ಹುಡುಕಲೇಬೇಕಿತ್ತು. ಆದರೆ ಹುಡುಕಿದ್ದರ ಫಲವಾಗಿ ಬಂದ ಅಂಕಿಯನ್ನು ಹರಡಿದ್ದರ ಅಳತೆ ಎಂಬಂತೆ ದೇಶದ ಮುಂದೆ ಓದಬಾರದಿತ್ತು. ರೋಗಪತ್ತೆಯ ಪಾಠವನ್ನು ಪೋಲಿಯೋ ಕಾಲದಲ್ಲಿ ಅರೆದು ಕುಡಿದ ಇಲಾಖೆಗೆ ಇದು ತಿಳಿಯದ ಸಂಗತಿಯಲ್ಲ. ತಿಳಿದಿತ್ತು ಎನ್ನಲು ಸಾಕ್ಷಿಯೂ ಇದೆ. ಯಾವುದೇ ಸಮುದಾಯವನ್ನಾಗಲೀ ಪ್ರದೇಶವನ್ನಾಗಲೀ ಸೋಂಕು ಹರಡಿದವರೆಂದು ಹಣೆಪಟ್ಟಿ ಹಚ್ಚಬೇಡಿ ಎಂದು ಏಪ್ರಿಲ್ 8ರಂದು ಸಚಿವಾಲಯವೇ ಸೂಚನೆ ಹೊರಡಿಸಿತು. ಸರಿಯಾದ ಮಾತು. ಹತ್ತು ದಿನ ಕಳೆದು ಏಪ್ರಿಲ್ 18ರಂದು ಅದೇ ಮೇಜಿನಿಂದ ಮತ್ತೆ ಲೆಕ್ಕ ಬಂತು. ದೇಶದ 14,378 ಪ್ರಕರಣಗಳಲ್ಲಿ 4,291 ಮರ್ಕಝ್ ಸಂಬಂಧಿತ, ಶೇ. 29.8. ಸೂಚನೆ ಜನರಿಗೆ ಹೊರಡಿಸಿದ್ದೇ ಹೊರತು ಇಲಾಖೆ ತನಗೆ ಹೊರಡಿಸಿಕೊಂಡಿರಲಿಲ್ಲ!

ದಶಮಾಂಶದವರೆಗೆ ಎಣಿಸಿದ ಈ ಅಂಕಿಯ ಬೆಲೆ ತೆತ್ತವರು ಯಾರು? ಹಲವು ಊರುಗಳಲ್ಲಿ ಮುಸ್ಲಿಮ್ ತರಕಾರಿ ವ್ಯಾಪಾರಿಗಳನ್ನು ಬೀದಿಗೆ ಬಿಡಲಿಲ್ಲ. ಇನ್ನೊಂದು ಕಡೆ, ಅದೇ ತಿಂಗಳ ಆರಂಭದಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರನ್ನು ನಮ್ಮ ಜನ ತಡೆದು ನಿಲ್ಲಿಸಿದರು. ಎನ್‌ಆರ್‌ಸಿ ಚರ್ಚೆಯ ಕಾವು ಆರದಿದ್ದ ದಿನಗಳಲ್ಲಿ ಹೆಸರು, ವಿಳಾಸ ಕೇಳಿದವರೆಲ್ಲ ಅನುಮಾನಕ್ಕೆ ಗುರಿಯಾಗಿದ್ದರು. ಬಿಸಿಲಲ್ಲಿ ಮನೆ ಮನೆ ಅಲೆಯುವ, ಸಂಬಳವೆಂಬುದೂ ಇಲ್ಲದೆ ಗೌರವಧನಕ್ಕೆ ದುಡಿಯುವ ಹೆಣ್ಣುಮಕ್ಕಳ ಮೇಲೆ ಕೈ ಎತ್ತಿದ್ದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಪೋಲಿಯೋ ಕಾಲದಲ್ಲಿ ವರ್ಷಗಟ್ಟಲೆ ಬೆವರು ಹರಿಸಿ ಗಳಿಸಿದ ನಂಬಿಕೆಯನ್ನು ಇಲಾಖೆ ಕೆಲವೇ ಪತ್ರಿಕಾಗೋಷ್ಠಿಗಳಲ್ಲಿ ಖರ್ಚು ಮಾಡಿತು. ಜಮಾಅತ್‌ನ ವಿದೇಶಿ ಸದಸ್ಯರ ಮೇಲಿನ ಮೊಕದ್ದಮೆಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2020ರ ಆಗಸ್ಟ್ 21ರಂದೇ ರದ್ದುಗೊಳಿಸಿ ಅವರನ್ನು ಬಲಿಪಶು ಮಾಡಲಾಗಿದೆ ಎಂಬ ಅರ್ಥದ ಮಾತಾಡಿತ್ತು. ಅವರಿಗೆ ಆಶ್ರಯ ಕೊಟ್ಟ 70 ಭಾರತೀಯರ ಮೇಲಿದ್ದ 16 ಮೊಕದ್ದಮೆಗಳು ದಿಲ್ಲಿ ಹೈಕೋರ್ಟಿನಲ್ಲಿ ರದ್ದಾಗಲು 2025ರ ಜುಲೈ 17ರವರೆಗೆ ಕಾಯಬೇಕಾಯಿತು.

ಇಷ್ಟು ಚೆನ್ನಾಗಿ ಎಣಿಸಬಲ್ಲ ಇಲಾಖೆ ಮರುವರ್ಷ ಎಣಿಕೆಯನ್ನೇ ಮರೆತಂತೆ ವರ್ತಿಸಿತು. 2021ರ ಮೇ 2ರ ರಾತ್ರಿ ಮತ್ತು ಮರುದಿನ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡರು. ಮೈಸೂರಿನಿಂದ ಬರಬೇಕಾದ ಸಿಲಿಂಡರ್‌ಗಳಿಗಾಗಿ ಮನೆಯವರು ಕಾದು ಕುಳಿತಿದ್ದ ಆ ರಾತ್ರಿಯನ್ನು ಕನ್ನಡ ನಾಡು ಮರೆತಿಲ್ಲ. ಕಾರಣ ಆಮ್ಲಜನಕದ ಕೊರತೆಯೆಂದು ಹೈಕೋರ್ಟ್ ನೇಮಿಸಿದ ಸಮಿತಿಯೇ ಹೇಳಿತು. ಆದರೆ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಆರೋಗ್ಯ ಇಲಾಖೆ ಕೊಟ್ಟ ಉತ್ತರ ಬೇರೆಯೇ ಆಗಿತ್ತು. ಆರೋಗ್ಯ ರಾಜ್ಯಗಳ ವಿಷಯ, ಆಮ್ಲಜನಕದ ಕೊರತೆಯಿಂದಾದ ಸಾವು ಎಂದು ನಿರ್ದಿಷ್ಟವಾಗಿ ಯಾವ ರಾಜ್ಯವೂ ವರದಿ ಮಾಡಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಈ ಉತ್ತರದಲ್ಲಿ ಸುಳ್ಳಿಲ್ಲದಿರಬಹುದು. ರಾಜ್ಯಗಳು, ನಮ್ಮ ರಾಜ್ಯವೂ ಸೇರಿದಂತೆ, ಹಾಗೆ ಬರೆದು ಕಳಿಸಲಿಲ್ಲ. ಮರಣಪತ್ರದಲ್ಲಿ ಕೋವಿಡ್, ಸಕ್ಕರೆ ಕಾಯಿಲೆ, ನ್ಯುಮೋನಿಯಾ ಎಂದೆಲ್ಲ ಬರೆಯಲು ಜಾಗವಿರುತ್ತದೆ, ಸಿಲಿಂಡರ್ ಬರಲಿಲ್ಲ ಎಂದು ಬರೆಯುವ ರೂಢಿ ಇಲ್ಲ. ಆದರೆ ಒಂದು ಧಾರ್ಮಿಕ ಸಂಘಟನೆಯ ನಂಟನ್ನು ದಿನದಿನವೂ 17 ರಾಜ್ಯಗಳಿಂದ ತರಿಸಿಕೊಂಡ ಇಲಾಖೆಗೆ ಆಮ್ಲಜನಕದ ಕಾಲಂ ಒಂದನ್ನು ಸೇರಿಸಲು ಆಗಲಿಲ್ಲವೇ? ಮೊದಲನೆಯದನ್ನು ಎಣಿಸುವಾಗ ಆರೋಗ್ಯ ರಾಜ್ಯಗಳ ವಿಷಯವಾಗಿರಲಿಲ್ಲವೇ?

ಸಾವಿನ ಒಟ್ಟು ಲೆಕ್ಕದ ಕಥೆಯೂ ಇದೇ. 2020 ಮತ್ತು 2021ರಲ್ಲಿ ಭಾರತದಲ್ಲಿ ಸಾಮಾನ್ಯಕ್ಕಿಂತ ಸುಮಾರು 47 ಲಕ್ಷ ಹೆಚ್ಚು ಸಾವು ಸಂಭವಿಸಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇಯಲ್ಲಿ ಅಂದಾಜಿಸಿದಾಗ ಸರಕಾರ ಲೆಕ್ಕದ ವಿಧಾನವನ್ನೇ ತಿರಸ್ಕರಿಸಿತು. ಅಂದಾಜು ಅಂದಾಜೇ, ಅದನ್ನು ಪ್ರಶ್ನಿಸುವ ಹಕ್ಕು ಸರಕಾರಕ್ಕಿದೆ. ಆದರೆ ಸರಕಾರದ್ದೇ ದಾಖಲೆಗಳು ಏನು ಹೇಳುತ್ತವೆ? ಗುಜರಾತಿನಲ್ಲಿ ಕೋವಿಡ್ ಸಾವು ಸುಮಾರು 10 ಸಾವಿರವೆಂದು ಅಧಿಕೃತ ಪಟ್ಟಿ ಹೇಳುತ್ತಿದ್ದಾಗ, 50 ಸಾವಿರ ರೂಪಾಯಿ ಪರಿಹಾರಕ್ಕಾಗಿ ಬಂದ ಅರ್ಜಿಗಳಲ್ಲಿ ಆ ರಾಜ್ಯವೇ 2022ರ ಜನವರಿ ಹೊತ್ತಿಗೆ 68 ಸಾವಿರಕ್ಕೂ ಹೆಚ್ಚನ್ನು ಮಂಜೂರು ಮಾಡಿತ್ತು. ಜನನ ಮರಣ ನೋಂದಣಿಯ 2021ರ ಲೆಕ್ಕವನ್ನು ಗೃಹ ಇಲಾಖೆಯ ಅಧೀನದ ಮಹಾನೋಂದಣಾಧಿಕಾರಿಗಳು ಬಿಡುಗಡೆ ಮಾಡಿದ್ದು 2025ರ ಮೇಯಲ್ಲಿ. 2020ರಲ್ಲಿ ಸುಮಾರು 81 ಲಕ್ಷವಿದ್ದ ನೋಂದಾಯಿತ ಸಾವು 2021ರಲ್ಲಿ ಒಂದು ಕೋಟಿ ಎರಡು ಲಕ್ಷಕ್ಕೆ ಏರಿತ್ತು. ಹೆಚ್ಚಾದ ಎಲ್ಲವೂ ಕೋವಿಡ್ ಅಲ್ಲದಿರಬಹುದು. ಆದರೆ ಎರಡೂ ವರ್ಷ ಸೇರಿ ಸುಮಾರು 4.8 ಲಕ್ಷ ಎಂಬ ಅಧಿಕೃತ ಕೋವಿಡ್ ಲೆಕ್ಕದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿದರೆ ಲೆಕ್ಕಕ್ಕೆ ಬಾರದೆ ಹೋದವರು ಎಷ್ಟೆಂಬ ಸಂಕಟವಾಗುತ್ತದೆ. ಅವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಜಾತಿ, ಮತ ನೋಡದೆ ಅವರ ಶವಸಂಸ್ಕಾರಕ್ಕೆ ಹೆಗಲು ಕೊಟ್ಟ ಯುವಕರಲ್ಲಿ, ಹಿಂದಿನ ವರ್ಷ ಅಂಕಿಯಾಗಿ ಓದಿಸಿಕೊಂಡ ಸಮುದಾಯದವರು ಕಡಿಮೆ ಇರಲಿಲ್ಲ.

ಆರೋಗ್ಯವನ್ನೂ ಸಮವರ್ತಿ ಪಟ್ಟಿಗೆ ತಂದು ಕೇಂದ್ರಕ್ಕೆ ಹೆಚ್ಚು ಅಧಿಕಾರ ಕೊಡಬೇಕೆಂಬ ಸಲಹೆ 15ನೇ ಹಣಕಾಸು ಆಯೋಗದ ಅಧ್ಯಕ್ಷರಿಂದಲೇ ಬಂದಿತ್ತು. ಇರುವ ಅಧಿಕಾರದ ಲೆಕ್ಕ ಮೊದಲು ಒಪ್ಪಿಸಲಿ ಎಂಬುದು ನಮ್ಮ ಅಭಿಪ್ರಾಯ. ಸರಕಾರಗಳ ಆರೋಗ್ಯ ವೆಚ್ಚವನ್ನು 2025ರೊಳಗೆ ದೇಶದ ಒಟ್ಟು ಉತ್ಪನ್ನದ ಶೇ. 2.5ಕ್ಕೆ ಏರಿಸುತ್ತೇವೆಂದು ಬರೆದದ್ದು 2017ರ ರಾಷ್ಟ್ರೀಯ ಆರೋಗ್ಯ ನೀತಿ. 2021-22ರ ಲೆಕ್ಕದಲ್ಲಿ ಅದು ಶೇ. 1.84 ಇತ್ತು, ಅದೂ ಕೋವಿಡ್ ಖರ್ಚು ಸೇರಿ. ಕಾಯಿಲೆಯ ಖರ್ಚಿನಲ್ಲಿ ಶೇ. 39ರಷ್ಟನ್ನು ಜನ ಆ ವರ್ಷವೂ ಸ್ವಂತ ಜೇಬಿನಿಂದಲೇ ತೆತ್ತರು.

2025ರೊಳಗೆ ಮುಗಿಸುತ್ತೇವೆಂದ ಇನ್ನೊಂದು ಕೆಲಸವೆಂದರೆ ಕ್ಷಯ. 2018ರಲ್ಲಿ ಆ ಮಾತು ಕೊಟ್ಟದ್ದು ಸ್ವತಃ ಪ್ರಧಾನಿ. ರೋಗ ಇಳಿದಿದೆ ನಿಜ, ಆದರೂ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಇಂದಿಗೂ ಭಾರತದಲ್ಲಿದ್ದಾರೆ. ಈಗ ಪ್ರತಿ ರೋಗಿಯ ಹೆಸರೂ ನಿಕ್ಷಯ್ ಎಂಬ ಕಂಪ್ಯೂಟರ್ ಪಟ್ಟಿಗೆ ಏರುತ್ತದೆ, ಪೌಷ್ಟಿಕ ಆಹಾರದ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ತುಮಕೂರಿನ ಅಧ್ಯಯನ ಮಾಡಿದವರು ಕನಸಿನಲ್ಲೂ ಕಾಣದಷ್ಟು ಕರಾರುವಾಕ್ಕಾದ ಲೆಕ್ಕ ಇದು. ಆದರೆ 2024ರ ಮಾರ್ಚ್‌ನಲ್ಲಿ ಇಲಾಖೆಯ ಔಷಧಿ ದಾಸ್ತಾನೇ ಕೈಕೊಟ್ಟಿತು. ಮೂರು ತಿಂಗಳ ಮಟ್ಟಿಗೆ ನೀವೇ ಸ್ಥಳೀಯವಾಗಿ ಕೊಂಡುಕೊಳ್ಳಿ ಎಂದು ದಿಲ್ಲಿಯಿಂದ ರಾಜ್ಯಗಳಿಗೆ ಪತ್ರ ಹೋಯಿತು. ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಬೇಕು, ತಪ್ಪಿಸಿದರೆ ರೋಗ ಔಷಧಿಗೆ ಬಗ್ಗುವುದಿಲ್ಲ ಎಂದು ರೋಗಿಗೆ ಪಾಠ ಹೇಳುವುದೂ ಇದೇ ಇಲಾಖೆ. ಆ ವಾರಗಳಲ್ಲಿ ಎಷ್ಟು ಮಂದಿ ಬರಿಗೈಯಲ್ಲಿ ಮನೆಗೆ ಮರಳಿದರು ಎಂಬುದನ್ನು ನಿಕ್ಷಯ್‌ನ ಯಾವ ಕಾಲಂನಲ್ಲಿ ಬರೆಯಲಾಗಿದೆ?